ಜಗ್ಗದ ನಟ್ಟು, ಜೋಸೆಫ್ ವಿಟ್‌ವರ್ತ್ ಮತ್ತು 0.3 ಮಿಲಿಮೀಟರ್

ನಮ್ಮ ತಂಡದ ಒಬ್ಬರ ಮಾವನ ಮನೆಯಲ್ಲಿ ಒಂದು ಹಳೆಯ ಪೆಟ್ರೋಲ್ ಅಂಬಾಸಿಡರ್ ಇದೆ. ಅದರ ಎಂಜಿನ್ ಪದೇಪದೇ ಬಿಸಿಯಾಗುತ್ತಿತ್ತು. ಥರ್ಮೋಸ್ಟಾಟ್ ಬದಲಿಸಿದರೆ ಸರಿಹೋಗಬಹುದು, ಮೂರು ನಟ್ಟು ಬಿಚ್ಚಿದರೆ ಮುಗಿಯಿತು ಎಂದುಕೊಂಡು ಒಂದು ಭಾನುವಾರ ನಾವೇ ಕೆಲಸಕ್ಕೆ ಇಳಿದೆವು. ಮೊದಲ ನಟ್ಟು ಜಗ್ಗಲಿಲ್ಲ. ಸ್ಪ್ಯಾನರಿನ ಹಿಡಿಗೆ ಪೈಪು ಸಿಕ್ಕಿಸಿ ಬಲ ಹಾಕಿದೆವು. ಆಗಲೂ ನಟ್ಟು ತಿರುಗಲಿಲ್ಲ, ಅದರ ಮೂಲೆಗಳು ಸವೆದು ದುಂಡಗಾದವು.

ತಪ್ಪು ಎಲ್ಲಿ ಆಯಿತು? ನಮ್ಮ ಕೈಯಲ್ಲಿದ್ದದ್ದು 13 ಮಿಲಿಮೀಟರ್ ಸ್ಪ್ಯಾನರ್. ನಟ್ಟಿನ ಅಳತೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಕೇವಲ 0.3 ಮಿಲಿಮೀಟರ್ ವ್ಯತ್ಯಾಸ. ಸಡಿಲ ನಟ್ಟಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಕಚ್ಚಿಕೊಂಡ ನಟ್ಟಿನಲ್ಲಿ ಬಲವೆಲ್ಲ ಸಮತಟ್ಟಾದ ಮುಖಗಳ ಬದಲು ಮೂಲೆಗಳ ಮೇಲೆ ಬೀಳುತ್ತದೆ, ಮೂಲೆ ಕಿತ್ತು ಹೋಗುತ್ತದೆ.

ಇಷ್ಟು ಚಿಕ್ಕ ಅಂತರಗಳ ಬಗ್ಗೆ ಜೀವನಪೂರ್ತಿ ತಲೆಕೆಡಿಸಿಕೊಂಡ ಮನುಷ್ಯನೊಬ್ಬನಿದ್ದ. ಅವನ ಹೆಸರು ಜೋಸೆಫ್ ವಿಟ್‌ವರ್ತ್.

ಹತ್ತಿಯ ಗಿರಣಿಯಿಂದ ಲೇತಿನ ಕಡೆಗೆ

ವಿಟ್‌ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ. ತಂದೆ ಶಾಲಾ ಶಿಕ್ಷಕ, ಮುಂದೆ ಪಾದ್ರಿಯಾದವರು. ತಾಯಿ ಆತ ಚಿಕ್ಕವನಿದ್ದಾಗಲೇ ತೀರಿಕೊಂಡರು. ಹದಿಹರೆಯದಲ್ಲಿ ಹುಡುಗನನ್ನು ಡರ್ಬಿಶೈರ್‌ನಲ್ಲಿದ್ದ ಸಂಬಂಧಿಕರ ಹತ್ತಿ ಗಿರಣಿಗೆ ಕೆಲಸ ಕಲಿಯಲು ಕಳಿಸಿದರು. ಮುಂದೆ ಗಿರಣಿಯನ್ನು ನೋಡಿಕೊಳ್ಳಲಿ ಎಂಬುದು ಹಿರಿಯರ ಆಸೆ. ಹುಡುಗನ ಕಣ್ಣು ಮಾತ್ರ ಬಟ್ಟೆಯ ಮೇಲಿರಲಿಲ್ಲ, ಗಿರಣಿಯ ಯಂತ್ರಗಳ ಮೇಲಿತ್ತು. ಅವು ಎಷ್ಟು ಒರಟಾಗಿವೆ, ಎಷ್ಟು ಅಂದಾಜಿನಲ್ಲಿ ಕೂಡಿಸಿದ್ದಾರೆ ಎಂಬುದು ಅವನಿಗೆ ಅಲ್ಲೇ ಕಾಣಿಸಿತು. ಕೆಲವು ವರ್ಷಗಳಲ್ಲಿ ಗಿರಣಿ ಬಿಟ್ಟು ಮ್ಯಾಂಚೆಸ್ಟರಿಗೆ ಹೋಗಿ ಮೆಕ್ಯಾನಿಕ್ ಆದ.

1825ರಲ್ಲಿ ಮದುವೆಯಾಗಿ ಲಂಡನ್ನಿಗೆ ಹೋದ. ಅಲ್ಲಿ ಹೆನ್ರಿ ಮಾಡ್ಸ್‌ಲಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಕರಾರುವಾಕ್ಕಾಗಿ ಸ್ಕ್ರೂ ಕೊರೆಯುವ ಲೇತಿನಿಂದ ಹೆಸರಾದ ಮಾಡ್ಸ್‌ಲಿಯ ಆ ಜಾಗ ಆ ಕಾಲದ ಎಂಜಿನಿಯರುಗಳ ಗರಡಿಮನೆ. ನಂತರ ಜೋಸೆಫ್ ಕ್ಲೆಮೆಂಟ್ ಬಳಿಯೂ ಆತ ದುಡಿದ. ಚಾರ್ಲ್ಸ್ ಬ್ಯಾಬೇಜ್ ರೂಪಿಸಿದ್ದ ಲೆಕ್ಕದ ಯಂತ್ರದ ಬಿಡಿಭಾಗಗಳು ತಯಾರಾಗುತ್ತಿದ್ದದ್ದು ಈ ಕ್ಲೆಮೆಂಟನ ವರ್ಕ್‌ಶಾಪಿನಲ್ಲೇ.

1833ರಲ್ಲಿ ಮ್ಯಾಂಚೆಸ್ಟರಿಗೆ ಮರಳಿ ಸ್ವಂತ ವರ್ಕ್‌ಶಾಪ್ ತೆರೆದ. ಲೇತ್, ಡ್ರಿಲ್ಲಿಂಗ್ ಯಂತ್ರ, ಪ್ಲೇನಿಂಗ್ ಯಂತ್ರ, ಹೀಗೆ ಯಂತ್ರಗಳನ್ನು ತಯಾರಿಸುವ ಯಂತ್ರಗಳೇ ಅವನ ಸರಕು.

ಮೂರು ಫಲಕಗಳ ಉಪಾಯ

ಒಂದು ಲೋಹದ ಫಲಕ ನಿಜವಾಗಿ ಸಮತಟ್ಟಾಗಿದೆಯೇ ಎಂದು ತಿಳಿಯುವುದು ಹೇಗೆ? ಇನ್ನೊಂದು ಫಲಕದ ಮೇಲಿಟ್ಟು ನೋಡಬಹುದು. ಆದರೆ ಒಂದು ಉಬ್ಬಿದ್ದು ಇನ್ನೊಂದು ಅಷ್ಟೇ ತಗ್ಗಿದ್ದರೂ ಎರಡೂ ಚೆನ್ನಾಗಿ ಕೂರುತ್ತವೆ! ಇದಕ್ಕೆ ಪರಿಹಾರ ಮೂರನೆಯ ಫಲಕ. ಯಾವ ಎರಡನ್ನು ಜೋಡಿಸಿದರೂ ಸರಿಯಾಗಿ ಕೂರಬೇಕೆಂದರೆ ಮೂರೂ ಸಮತಟ್ಟಾಗಿರಲೇಬೇಕು.

ಮಾಡ್ಸ್‌ಲಿಯ ಕಾರ್ಖಾನೆಯಲ್ಲೂ ಸಮತಟ್ಟು ಫಲಕಗಳಿದ್ದವು. ವಿಟ್‌ವರ್ತ್ ಒತ್ತಿ ಹೇಳಿದ್ದು ಅವುಗಳನ್ನು ತಯಾರಿಸುವ ವಿಧಾನದ ಬಗ್ಗೆ. ಪುಡಿ ಹಾಕಿ ಉಜ್ಜಿದರೆ ಯಾವ ಜಾಗ ಸವೆಯುತ್ತದೆ ಎಂಬುದು ನಮ್ಮ ಹಿಡಿತದಲ್ಲಿರುವುದಿಲ್ಲ. ಅದರ ಬದಲು ಒಂದು ಫಲಕಕ್ಕೆ ಬಣ್ಣ ಹಚ್ಚಿ ಇನ್ನೊಂದಕ್ಕೆ ತಾಗಿಸಿ, ಬಣ್ಣ ಅಂಟಿದ ಉಬ್ಬುಗಳನ್ನು ಮಾತ್ರ ಹೆರೆದು ತೆಗೆಯಬೇಕು. 1840ರಲ್ಲಿ ಗ್ಲಾಸ್ಗೋದಲ್ಲಿ ಬ್ರಿಟಿಷ್ ಅಸೋಸಿಯೇಷನ್ ಸಭೆಯ ಮುಂದೆ ಆತ ಈ ವಿಚಾರ ಮಂಡಿಸಿದ.

ಮುಂದೆ ಇಂಚಿನ ಹತ್ತು ಲಕ್ಷದ ಒಂದು ಭಾಗದ ವ್ಯತ್ಯಾಸವನ್ನೂ ತೋರಿಸುವ ಅಳತೆಯಂತ್ರ ಕಟ್ಟಿದ. ಅದರ ಹೃದಯವೂ ಒಂದು ಸ್ಕ್ರೂ. ಇಂಚಿಗೆ 20 ಸುತ್ತಿನ ಸ್ಕ್ರೂ, ಅದನ್ನು ತಿರುಗಿಸಲು 200 ಹಲ್ಲಿನ ಚಕ್ರ, ಆ ಚಕ್ರವನ್ನು ನಡೆಸುವ ಕೈಚಕ್ರದ ಮೇಲೆ 250 ಗೆರೆಗಳು. ಗುಣಿಸಿದರೆ ಸರಿಯಾಗಿ ಹತ್ತು ಲಕ್ಷ.

ಒಂದೊಂದು ಊರಿಗೆ ಒಂದೊಂದು ಬೋಲ್ಟು

ಸ್ಕ್ರೂ ಕಂಡುಹಿಡಿದದ್ದು ವಿಟ್‌ವರ್ತ್ ಎಂದು ಕೆಲವರು ಭಾವಿಸುತ್ತಾರೆ. ಅದು ತಪ್ಪು. ಸ್ಕ್ರೂ ಅವನಿಗಿಂತ ಸಾವಿರಾರು ವರ್ಷ ಹಳೆಯದು. ಆತ ಬಿಡಿಸಿದ್ದು ಬೇರೆ ಕಗ್ಗಂಟು. ಆಗ ಪ್ರತಿ ಕಾರ್ಖಾನೆಯೂ ತನಗೆ ತೋಚಿದ ಥ್ರೆಡ್ ಕೊರೆಯುತ್ತಿತ್ತು. ಒಂದು ಕಡೆಯ ಬೋಲ್ಟು ಇನ್ನೊಂದು ಕಡೆಯ ನಟ್ಟಿಗೆ ಹಿಡಿಸುತ್ತಿರಲಿಲ್ಲ. ಒಂದು ಬೋಲ್ಟು ಮುರಿದರೆ ಯಂತ್ರ ತಯಾರಿಸಿದವರನ್ನೇ ಹುಡುಕಿಕೊಂಡು ಹೋಗಬೇಕು, ಇಲ್ಲವೇ ಹೊಸದನ್ನು ಕೈಯಾರೆ ಕೊರೆಯಬೇಕು.

ವಿಟ್‌ವರ್ತ್ ದೇಶದ ಹಲವು ವರ್ಕ್‌ಶಾಪುಗಳಿಂದ ಬೋಲ್ಟುಗಳನ್ನು ತರಿಸಿ ಅಳೆದು, ಅವುಗಳ ಸರಾಸರಿ ತೆಗೆದ. 1841ರಲ್ಲಿ ಲಂಡನ್ನಿನ ಸಿವಿಲ್ ಎಂಜಿನಿಯರುಗಳ ಸಂಸ್ಥೆಯ ಮುಂದೆ ತನ್ನ ಪಟ್ಟಿ ಇಟ್ಟ. ಥ್ರೆಡ್ಡಿನ ಕೋನ 55 ಡಿಗ್ರಿ, ತುದಿ ಮತ್ತು ಬುಡ ಎರಡೂ ದುಂಡಗೆ. ಕಾಲು ಇಂಚಿನ ಬೋಲ್ಟಿಗೆ ಇಂಚಿಗೆ 20 ಸುತ್ತು, ಅರ್ಧ ಇಂಚಿಗೆ 12, ಒಂದು ಇಂಚಿಗೆ 8.

ಬುಡ ದುಂಡಗಿರುವುದರಿಂದ ಒಂದು ಲಾಭವಿದೆ. ಚೂಪಾದ ಸಂದಿಯಲ್ಲಿ ಒತ್ತಡ ಒಂದೇ ಕಡೆ ಸೇರಿ ಬಿರುಕು ಹುಟ್ಟುತ್ತದೆ, ದುಂಡಗಿದ್ದರೆ ಒತ್ತಡ ಹರಡಿಕೊಳ್ಳುತ್ತದೆ. ಆದರೆ ಈ ಪಟ್ಟಿ ಗೆದ್ದದ್ದು ಬರೀ ಲೆಕ್ಕಾಚಾರದಿಂದಲ್ಲ ಎನಿಸುತ್ತದೆ ನಮಗೆ. ಸರಾಸರಿ ತೆಗೆದದ್ದರಿಂದ ಅದು ಬಹುತೇಕ ಎಲ್ಲರ ರೂಢಿಗೂ ಹತ್ತಿರವಿತ್ತು, ಯಾರೂ ಪೂರ್ತಿ ಸೋಲಬೇಕಿರಲಿಲ್ಲ. ಮೊದಲು ರೈಲ್ವೆ ಕಂಪನಿಗಳು, 1860ರ ಹೊತ್ತಿಗೆ ಬ್ರಿಟನ್ನಿನ ಬಹುಪಾಲು ಕಾರ್ಖಾನೆಗಳು ಅದನ್ನು ಒಪ್ಪಿಕೊಂಡವು.

ಫಲ ಕಂಡದ್ದು ಕ್ರಿಮಿಯಾ ಯುದ್ಧದಲ್ಲಿ. ನೌಕಾಪಡೆಯ ಗನ್‌ಬೋಟುಗಳಿಗೆ ಸುಮಾರು 90 ಜೊತೆ ಎಂಜಿನ್ ತುರ್ತಾಗಿ ಬೇಕಾದವು. ಜಾನ್ ಪೆನ್ ಎಂಬ ಎಂಜಿನಿಯರ್ ಮಾದರಿ ಎಂಜಿನ್ನನ್ನು ಬಿಚ್ಚಿ, ಬಿಡಿಭಾಗಗಳನ್ನು ಬೇರೆಬೇರೆ ವರ್ಕ್‌ಶಾಪುಗಳಿಗೆ ಹಂಚಿದ. ಎಲ್ಲೆಲ್ಲೋ ತಯಾರಾದ ಭಾಗಗಳು ಒಂದಕ್ಕೊಂದು ಕೂಡಿಕೊಂಡವು.

ಬಂದೂಕು, ಬಿರುದು, ವಿದ್ಯಾರ್ಥಿವೇತನ

ಅದೇ ದಶಕದಲ್ಲಿ ವಿಟ್‌ವರ್ತ್ ಆರು ಮೂಲೆಯ ನಳಿಗೆಯ ರೈಫಲ್ ರೂಪಿಸಿದ. 1857ರ ಪರೀಕ್ಷೆಗಳಲ್ಲಿ ಗುರಿಯ ವಿಷಯದಲ್ಲಿ ಅದು ಸೇನೆಯ ಎನ್‌ಫೀಲ್ಡನ್ನು ಬಹಳ ಹಿಂದೆ ಹಾಕಿತು. ಆದರೂ ಬ್ರಿಟಿಷ್ ಸೇನೆ ಅದನ್ನು ಒಪ್ಪಲಿಲ್ಲ. ಬೆಲೆ ಹೆಚ್ಚು, ನಳಿಗೆಯಲ್ಲಿ ಮಸಿಯೂ ಬೇಗ ಕಟ್ಟುತ್ತಿತ್ತು. ಕೊನೆಗೆ ಅದು ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಗುರಿಕಾರರ ಕೈ ಸೇರಿತು. ಅವನ ಕರಾರುವಾಕ್ಕುತನ ಜೀವ ತೆಗೆಯಲೂ ಬಳಕೆಯಾಯಿತು ಎಂಬುದನ್ನು ಮರೆಯುವಂತಿಲ್ಲ.

1868ರಲ್ಲಿ ಆತ ಕೈಕೆಲಸ ಮತ್ತು ವಿಜ್ಞಾನ ಎರಡನ್ನೂ ಕಲಿಯುವ ಯುವಕರಿಗಾಗಿ ವರ್ಷಕ್ಕೆ 100 ಪೌಂಡಿನ 30 ವಿದ್ಯಾರ್ಥಿವೇತನಗಳನ್ನು ಸ್ಥಾಪಿಸಿದ. ಮರುವರ್ಷ ಬ್ಯಾರೊನೆಟ್ ಬಿರುದು ಬಂತು. 1887ರ ಜನವರಿ 22ರಂದು ಮಾಂಟೆ ಕಾರ್ಲೋದಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಆಸ್ತಿಯ ದೊಡ್ಡ ಪಾಲು ಸಾರ್ವಜನಿಕ ಕೆಲಸಗಳಿಗೆ ಹೋಯಿತು. ಮ್ಯಾಂಚೆಸ್ಟರಿನ ವಿಟ್‌ವರ್ತ್ ಕಲಾ ಗ್ಯಾಲರಿ ಅದರಲ್ಲೊಂದು.

ಮತ್ತೆ ನಮ್ಮ ನಟ್ಟಿಗೆ

ಜಗತ್ತಿಗೆಲ್ಲ ಒಂದೇ ಥ್ರೆಡ್ ಎಂಬುದು ವಿಟ್‌ವರ್ತ್ ಕಾಲದಲ್ಲಿ ಆಗಲಿಲ್ಲ. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ 60 ಡಿಗ್ರಿಯ ಬೇರೆ ಪದ್ಧತಿ ಮುಂದಿಟ್ಟ. ಯುರೋಪಿನ ಇತರ ದೇಶಗಳು ಮಿಲಿಮೀಟರಿನ ದಾರಿ ಹಿಡಿದವು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಅಮೆರಿಕದ ಬಿಡಿಭಾಗಗಳು ಒಂದಕ್ಕೊಂದು ಹೊಂದದೆ ತೊಂದರೆಯಾದ ಮೇಲೆ, 1948ರಲ್ಲಿ ಈ ಎರಡು ದೇಶಗಳೂ ಕೆನಡಾವೂ ಸೇರಿ 60 ಡಿಗ್ರಿಯ ಯೂನಿಫೈಡ್ ಥ್ರೆಡ್ ಒಪ್ಪಿಕೊಂಡವು. ಬ್ರಿಟಿಷ್ ಮೂಲದ ಅಂಬಾಸಿಡರ್ ಎಂಜಿನ್ನಿಗೆ ಇಂಚಿನ ನಟ್ಟುಗಳು ಬಂದದ್ದು ಹೀಗೆ. ಅರ್ಧ ಇಂಚಿನ ವಿಟ್‌ವರ್ತ್ ಬೋಲ್ಟಿಗೆ 12 ಸುತ್ತು, ಒರಟು ಯೂನಿಫೈಡ್ ಬೋಲ್ಟಿಗೆ 13. ಒಂದರ ನಟ್ಟು ಇನ್ನೊಂದಕ್ಕೆ ಹಾಕಿದರೆ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ.

ಹಳೆಯ ನಟ್ಟು ಕಚ್ಚಿಕೊಳ್ಳಲು ಇನ್ನೊಂದು ಕಾರಣ ತುಕ್ಕು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಥ್ರೆಡ್ಡಿನ ಸಂದಿಯನ್ನೆಲ್ಲ ತುಂಬಿ ಬಿಗಿಯುತ್ತದೆ. ಥರ್ಮೋಸ್ಟಾಟ್ ಮುಚ್ಚಳದಲ್ಲಿ ಅಲ್ಯೂಮಿನಿಯಂ ಮತ್ತು ಉಕ್ಕು ಜೊತೆಗಿದ್ದು ನಡುವೆ ಕೂಲೆಂಟ್ ನೀರು ಸೇರಿದರೆ ಅಲ್ಯೂಮಿನಿಯಂ ಬೇಗ ಕೊರೆದು ಬಿಳಿಪುಡಿ ಕಟ್ಟುತ್ತದೆ.

ಇಲ್ಲಿ ಬರೀ ಬಲ ಹಾಕಿದರೆ ನಟ್ಟಿನ ಮೂಲೆ ಹೋಗುತ್ತದೆ, ಇಲ್ಲವೇ ಸ್ಟಡ್ ಮುರಿಯುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕು. ನಟ್ಟಿನ ಮೇಲೆ ಸಣ್ಣಗೆ ತಟ್ಟಿದರೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ಸರಿಯಾದ ಅಳತೆಯ, ಆರು ಮುಖದ ಸಾಕೆಟ್ ಹಾಕಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಬೇಕು. ಬಿಸಿ ಮಾಡಿದರೂ ನಟ್ಟು ಹಿಗ್ಗಿ ಬಿಡುತ್ತದೆ, ಆದರೆ ಪೆಟ್ರೋಲ್ ಇರುವ ಕಡೆ ಬೆಂಕಿ ಹಿಡಿಯುವುದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಮರುದಿನ ಅರ್ಧ ಇಂಚಿನ ಸಾಕೆಟ್ ತಂದೆವು. ಎರಡು ನಟ್ಟು ತಕರಾರಿಲ್ಲದೆ ಬಂದವು. ನಾವು ಮೂಲೆ ಕಿತ್ತ ಮೂರನೆಯದನ್ನು ಮಾತ್ರ ಪೇಟೆಯ ಮೆಕ್ಯಾನಿಕ್ ಸಣ್ಣ ಸಾಕೆಟ್ ಒಂದನ್ನು ಬಡಿದು ಕೂರಿಸಿ ತೆಗೆದುಕೊಟ್ಟರು.

ವಿಟ್‌ವರ್ತ್ ಥ್ರೆಡ್ ಈಗ ಕಾರುಗಳಲ್ಲಿ ಕಾಣುವುದಿಲ್ಲ. ನೋಡಬೇಕೆನಿಸಿದರೆ ಬಚ್ಚಲಮನೆಗೆ ಹೋಗಿ. ನಲ್ಲಿ ಗೋಡೆಯ ಪೈಪಿಗೆ ಕೂರುವ 'ಅರ್ಧ ಇಂಚಿನ' ಥ್ರೆಡ್ಡಿನ ಹೊರ ಅಳತೆ ಸುಮಾರು 21 ಮಿಲಿಮೀಟರ್. ಅರ್ಧ ಇಂಚು ಎಂಬುದು ಹಳೆಯ ಪೈಪಿನ ಒಳ ಅಳತೆಯಿಂದ ಉಳಿದುಬಂದ ಹೆಸರಷ್ಟೇ. ಆದರೆ ಅದರ ಕೋನ ಇಂದಿಗೂ 55 ಡಿಗ್ರಿ. ಬೇರೆಬೇರೆ ಕಂಪನಿಗಳ ನಲ್ಲಿ, ಪೈಪುಗಳನ್ನು ತಂದರೂ ನಮ್ಮ ಪ್ಲಂಬರ್ ಯೋಚಿಸದೆ ಜೋಡಿಸುತ್ತಾರಲ್ಲ, ಅದರ ಹಿಂದೆ 1841ರ ಆ ಪಟ್ಟಿಯಿದೆ.