ಹೋಮ್ಸ್‌ನ ನೆರಳಿನಲ್ಲಿ ಡಾಯ್ಲ್

ಆರ್ಥರ್ ಕಾನನ್ ಡಾಯ್ಲ್ 1891ರಲ್ಲಿ ಲಂಡನ್ನಿನಲ್ಲಿ ಕಣ್ಣಿನ ಚಿಕಿತ್ಸಾಲಯ ತೆರೆದರು. ಅವರೇ ಹೇಳಿಕೊಂಡಿರುವಂತೆ ಅಲ್ಲಿಗೆ ಒಬ್ಬ ರೋಗಿಯೂ ಬರಲಿಲ್ಲ. ಷರ್ಲಾಕ್ ಹೋಮ್ಸ್ ಬೆಳೆದದ್ದು ಆ ಬಿಡುವಿನಲ್ಲಿ.

ಎಡಿನ್‌ಬರೋದಲ್ಲಿ 1859ರಲ್ಲಿ ಜನಿಸಿದ ಡಾಯ್ಲ್ ಅಲ್ಲಿಯೇ ವೈದ್ಯಶಾಸ್ತ್ರ ಓದಿದರು. ರೋಗಿಯನ್ನು ನೋಡಿದೊಡನೆ ಆತನ ಕಸುಬನ್ನು ಊಹಿಸುತ್ತಿದ್ದ ಗುರು ಜೋಸೆಫ್ ಬೆಲ್ ಅವರೇ ಹೋಮ್ಸ್‌ಗೆ ಮಾದರಿ. 1887ರಲ್ಲಿ ಬಂದ ಮೊದಲ ಕಾದಂಬರಿಗೆ ಹಕ್ಕು ಸಮೇತ ದಕ್ಕಿದ್ದು 25 ಪೌಂಡ್. ಧಾರಾವಾಹಿಯ ಒಂದು ಕಂತು ತಪ್ಪಿದರೆ ಓದುಗ ಕೈಬಿಡುತ್ತಾನೆಂದು ಅರಿತ ಅವರು, ನಾಯಕ ಅವನೇ ಇದ್ದರೂ ಪ್ರತಿ ಕಥೆಯೂ ತನ್ನಷ್ಟಕ್ಕೆ ಮುಗಿಯುವಂತೆ 'ಸ್ಟ್ರಾಂಡ್' ಮಾಸಪತ್ರಿಕೆಗೆ ಬರೆಯತೊಡಗಿದರು. ಕೀರ್ತಿ, ಹಣ ಎರಡೂ ಹರಿದುಬಂದವು.

ಆದರೆ ಡಾಯ್ಲ್ ಅವರಿಗೆ ಐತಿಹಾಸಿಕ ಕಾದಂಬರಿಗಳೇ ತಮ್ಮ ನಿಜವಾದ ಸಾಹಿತ್ಯ. ಅದಕ್ಕೆ ಅಡ್ಡ ನಿಂತ ಹೋಮ್ಸ್‌ನನ್ನು 1893ರಲ್ಲಿ ಸ್ವಿಟ್ಜರ್ಲೆಂಡಿನ ಜಲಪಾತವೊಂದಕ್ಕೆ ನೂಕಿ ಕೈತೊಳೆದುಕೊಂಡರು. ಓದುಗರು ಸಿಟ್ಟಿಗೆದ್ದರು. ಹತ್ತು ವರ್ಷಗಳ ನಂತರ, ಭಾರಿ ಸಂಭಾವನೆಗೆ ಮಣಿದು, ಸತ್ತವನನ್ನು ಎಬ್ಬಿಸಬೇಕಾಯಿತು.

ಲೇಖಕ ತನ್ನ ಪಾತ್ರಕ್ಕೆ ಸೋತ ಈ ಕಥೆ ಎಲ್ಲರಿಗೂ ಗೊತ್ತು. ಆ ಸೋಲಿನಿಂದ ಒಬ್ಬ ನಿರಪರಾಧಿಗಾದ ಉಪಕಾರ ಅಷ್ಟಾಗಿ ನೆನಪಿನಲ್ಲಿಲ್ಲ.

ಜಾರ್ಜ್ ಎಡಲ್ಜಿ ಬರ್ಮಿಂಗ್‌ಹ್ಯಾಮಿನ ಯುವ ವಕೀಲ. ತಂದೆ ಶಾಪುರ್ಜಿ ಮುಂಬಯಿಯ ಪಾರ್ಸಿ ಮನೆತನದವರು. ಕ್ರೈಸ್ತಧರ್ಮ ಸೇರಿ ಸ್ಟಾಫರ್ಡ್‌ಷೈರಿನ ಗ್ರೇಟ್ ವರ್ಲಿ ಎಂಬ ಹಳ್ಳಿಯಲ್ಲಿ ಪಾದ್ರಿಯಾಗಿದ್ದರು. ಕಂದುಬಣ್ಣದ ಪಾದ್ರಿಯನ್ನು ಹಳ್ಳಿಯ ಕೆಲವರು ಸಹಿಸಲಿಲ್ಲ. ನಿಂದನೆಯ ಅನಾಮಧೇಯ ಪತ್ರಗಳು ವರ್ಷಗಟ್ಟಲೆ ಬಂದವು. 1903ರಲ್ಲಿ, ರಾತ್ರಿ ಹೊಲಕ್ಕೆ ಹೋಗಿ ಗಣಿಯ ತಟ್ಟು ಕುದುರೆಯೊಂದರ ಹೊಟ್ಟೆ ಸೀಳಿದನೆಂದು ಜಾರ್ಜ್‌ಗೆ ಏಳು ವರ್ಷಗಳ ಶಿಕ್ಷೆಯಾಯಿತು. ಆತ ಸೆರೆಯಲ್ಲಿದ್ದಾಗಲೂ ಪ್ರಾಣಿಗಳ ಮೇಲಿನ ಹಲ್ಲೆ ನಿಲ್ಲಲಿಲ್ಲ. ಮೂರು ವರ್ಷಗಳಾದ ಮೇಲೆ, ಕಾರಣ ತಿಳಿಸದೆ, ಕಳಂಕವನ್ನೂ ತೊಡೆಯದೆ ಬಿಟ್ಟುಬಿಟ್ಟರು.

ಆತ ಮೊರೆಯಿಟ್ಟದ್ದು ಹೋಮ್ಸ್‌ನ ಸೃಷ್ಟಿಕರ್ತನಿಗೆ. ಹೋಟೆಲೊಂದರಲ್ಲಿ ಕಾಯುತ್ತಿದ್ದ ಎಡಲ್ಜಿ ಪತ್ರಿಕೆಯನ್ನು ಮುಖಕ್ಕೆ ಒತ್ತಿಕೊಂಡು, ಓರೆಯಾಗಿ ಹಿಡಿದು ಓದುತ್ತಿದ್ದುದನ್ನು ಡಾಯ್ಲ್ ದೂರದಿಂದಲೇ ಕಂಡರು. ರೋಗಿಗಳೇ ಬಾರದ ಕಣ್ಣಿನ ವೈದ್ಯನಿಗೆ ಅಷ್ಟು ಸಾಕಾಯಿತು: ಇಷ್ಟು ತೀವ್ರ ದೃಷ್ಟಿದೋಷವುಳ್ಳವನು ಕತ್ತಲಲ್ಲಿ ಹೊಲ, ಬೇಲಿ, ರೈಲುಹಳಿ ದಾಟಿ ಆ ಕೃತ್ಯವೆಸಗಲಾರ. ನ್ಯಾಯಾಲಯದಲ್ಲಿ ಯಾರೂ ಆ ಕಣ್ಣುಗಳನ್ನು ಗಂಭೀರವಾಗಿ ಪರಿಗಣಿಸಿರಲಿಲ್ಲ.

'ಡೈಲಿ ಟೆಲಿಗ್ರಾಫ್' ಪತ್ರಿಕೆಯಲ್ಲಿ 1907ರ ಜನವರಿಯಲ್ಲಿ ಡಾಯ್ಲ್ ಬರೆದ ಲೇಖನಗಳು ಸರ್ಕಾರವನ್ನು ಅಲುಗಾಡಿಸಿದವು. ಬೇರಾರು ಬರೆದಿದ್ದರೂ ಇಂಗ್ಲೆಂಡ್ ಅಷ್ಟು ಕಿವಿಗೊಡುತ್ತಿತ್ತೆನ್ನುವುದು ಅನುಮಾನ. ಮೇ ತಿಂಗಳಲ್ಲಿ ಕ್ಷಮಾದಾನ ದೊರೆಯಿತು. ಆದರೆ ಅನಾಮಧೇಯ ಪತ್ರಗಳನ್ನು ಬರೆದವನು ಆತನೇ ಎಂದು ಹಟ ಹಿಡಿದ ಸರ್ಕಾರ ಪರಿಹಾರ ಕೊಡಲಿಲ್ಲ. ಅದೇ ವರ್ಷ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಸ್ಥಾಪಿಸುವ ಕಾನೂನು ಬಂತು; ಅದರ ಹಿಂದಿನ ಒತ್ತಡಗಳಲ್ಲಿ ಈ ಪ್ರಕರಣವೂ ಒಂದು.

ಇಂಥ ಚುರುಕು ಕಣ್ಣಿನ ಮನುಷ್ಯ ಮುಂದೆ ಹುಡುಗಿಯರಿಬ್ಬರು ತೆಗೆದ ಯಕ್ಷಿಣಿಯರ ನಕಲಿ ಛಾಯಾಚಿತ್ರಗಳನ್ನು ನಂಬಿ ನಗೆಗೀಡಾದದ್ದೂ ಉಂಟು. ನಾಲ್ಕು ಕಾದಂಬರಿ, 56 ಕಥೆಗಳ ಹೋಮ್ಸ್ ಸರಣಿ 1927ರಲ್ಲಿ ಮುಗಿಯಿತು. ಡಾಯ್ಲ್ 1930ರಲ್ಲಿ ತೀರಿಕೊಂಡರು.

ವಿಧುರರಾಗಿದ್ದ ಅವರು 1907ರ ಸೆಪ್ಟೆಂಬರಿನಲ್ಲಿ ಮರುಮದುವೆಯಾದಾಗ, ಆರತಕ್ಷತೆಗೆ ಬಂದ ಅತಿಥಿಗಳಲ್ಲಿ ಜಾರ್ಜ್ ಎಡಲ್ಜಿಯೂ ಇದ್ದರು.