ಎಲ್ಪಿಡಿಯೊ ಕಿರಿನೊ: ಹಗರಣ, ಬಂಡಾಯಗಳ ನಡುವೆ ಒಂದು ಕ್ಷಮಾದಾನ

ಫಿಲಿಪ್ಪೀನ್ಸ್ ದೇಶದ ಆರನೆಯ ಅಧ್ಯಕ್ಷ ಎಲ್ಪಿಡಿಯೊ ಕಿರಿನೊ ಅವರನ್ನು ಇತಿಹಾಸ ಎರಡು ಕಾರಣಗಳಿಗಾಗಿ ನೆನೆಯುತ್ತದೆ. ಒಂದು, ಅವರ ಆಡಳಿತದುದ್ದಕ್ಕೂ ಬೆನ್ನು ಬಿಡದ ಭ್ರಷ್ಟಾಚಾರದ ಆರೋಪಗಳು. ಮತ್ತೊಂದು, ತಮ್ಮ ಪತ್ನಿ ಹಾಗೂ ಮೂವರು ಮಕ್ಕಳನ್ನು ಬಲಿ ತೆಗೆದುಕೊಂಡ ಸೈನ್ಯದ ಕೈದಿಗಳಿಗೆ ಅವರು ನೀಡಿದ ಕ್ಷಮೆ. 1948ರಿಂದ 1953ರವರೆಗೆ ದೇಶವನ್ನಾಳಿದ ಈ ಮನುಷ್ಯನನ್ನು ಯಾವ ತಕ್ಕಡಿಯಲ್ಲಿ ತೂಗಬೇಕೆಂಬ ಪ್ರಶ್ನೆ ಅಲ್ಲಿನ ಇತಿಹಾಸಕಾರರನ್ನು ಇಂದಿಗೂ ಕಾಡುತ್ತಿದೆ.

ಸೆರೆಮನೆಯಲ್ಲಿ ಜನನ

ಕಿರಿನೊ ಹುಟ್ಟಿದ್ದು 1890ರ ನವೆಂಬರ್ 16ರಂದು, ಲೂಝಾನ್ ದ್ವೀಪದ ವಾಯವ್ಯ ಭಾಗದಲ್ಲಿರುವ ವೀಗನ್ ಪಟ್ಟಣದ ಸೆರೆಮನೆಯಲ್ಲಿ. ತಂದೆ ಮಾರಿಯಾನೊ ಅಲ್ಲಿ ಜೈಲಿನ ಮೇಲ್ವಿಚಾರಕರಾಗಿದ್ದರು. ಆಗ ದೇಶ ಸ್ಪೇನ್ ದೊರೆತನದಲ್ಲಿತ್ತು. ಬಾಲಕ ಶಾಲೆ ಸೇರುವ ಹೊತ್ತಿಗೆ ಆಳುವವರು ಬದಲಾಗಿ ಅಮೆರಿಕನ್ನರು ಬಂದಿದ್ದರು.

ಓದಿನ ಖರ್ಚಿಗಾಗಿ ಹಳ್ಳಿಯ ಶಾಲೆಯೊಂದರಲ್ಲಿ ಪಾಠ ಹೇಳಿದ ಕಿರಿನೊ, ಮುಂದೆ ಮನಿಲಾ ಸೇರಿ ಭೂ ಇಲಾಖೆಯಲ್ಲಿಯೂ ಪೊಲೀಸ್ ಇಲಾಖೆಯಲ್ಲಿಯೂ ಗುಮಾಸ್ತಿಕೆ ಮಾಡಿದರು. 1915ರಲ್ಲಿ ಫಿಲಿಪ್ಪೀನ್ಸ್ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು. ಪ್ರಭಾವಿ ನಾಯಕ ಮಾನ್ಯುವೆಲ್ ಕೆಝೋನ್ ಅವರ ಕಾರ್ಯದರ್ಶಿಯಾದದ್ದು ರಾಜಕೀಯದ ಬಾಗಿಲು ತೆರೆಯಿತು. 1919ರಲ್ಲಿ ಪ್ರತಿನಿಧಿ ಸಭೆಗೆ, 1925ರಲ್ಲಿ ಸೆನೆಟ್‌ಗೆ ಆಯ್ಕೆಯಾದರು. 1934ರಲ್ಲಿ ವಾಷಿಂಗ್ಟನ್‌ಗೆ ತೆರಳಿ ಸ್ವಾತಂತ್ರ್ಯದ ಕಾಯಿದೆಯನ್ನು ಪಡೆದುಕೊಂಡು ಬಂದ ನಿಯೋಗದಲ್ಲಿ ಅವರೂ ಇದ್ದರು. ಬಳಿಕ ಹಣಕಾಸು ಹಾಗೂ ಆಂತರಿಕ ವ್ಯವಹಾರಗಳ ಖಾತೆಗಳನ್ನು ನಿರ್ವಹಿಸಿದರು.

1945ರ ಫೆಬ್ರವರಿ

ವೀಗನ್‌ನ ಸಿರಿವಂತ ಮನೆತನದ ಅಲಿಸಿಯಾ ಸಿಕಿಯಾ ಅವರನ್ನು ಕಿರಿನೊ 1921ರಲ್ಲಿ ವರಿಸಿದ್ದರು. ಐವರು ಮಕ್ಕಳ ತುಂಬು ಸಂಸಾರ. ಎರಡನೆಯ ಮಹಾಯುದ್ಧದ ಕೊನೆಯ ಹಂತದಲ್ಲಿ ಅಮೆರಿಕದ ಪಡೆಗಳು ಮನಿಲಾವನ್ನು ಮುತ್ತಿದಾಗ, ನಗರದೊಳಗೆ ಸಿಕ್ಕಿಬಿದ್ದ ಜಪಾನೀ ಸೈನಿಕರು ನಾಗರಿಕರ ಮೇಲೆ ಮುಗಿಬಿದ್ದರು. ಒಂದು ತಿಂಗಳ ಆ ಕದನದಲ್ಲಿ ಸುಮಾರು 1 ಲಕ್ಷ ನಾಗರಿಕರು ಸತ್ತರೆಂಬ ಅಂದಾಜಿದೆ.

ಉರಿಯುತ್ತಿದ್ದ ಬಡಾವಣೆಯಲ್ಲಿ ಮನೆ ಬಿಟ್ಟು ತಾಯಿಯ ಮನೆಯತ್ತ ಹೊರಟ ಅಲಿಸಿಯಾ, ಮಗ ಅರ್ಮಾಂಡೊ, ಮಗಳು ನಾರ್ಮಾ ಹಾಗೂ ಇನ್ನೂ ಎಳೆಗೂಸಾಗಿದ್ದ ಫೆ ಆಂಜೆಲಾ ಜಪಾನೀ ಸೈನಿಕರಿಗೆ ಬಲಿಯಾದರು. ಉಳಿದವರು ಮಗ ತೋಮಾಸ್ ಮತ್ತು ಮಗಳು ವಿಕ್ಟೋರಿಯಾ. 54ರ ವಯಸ್ಸಿನಲ್ಲಿ ವಿಧುರರಾದ ಕಿರಿನೊ ಮತ್ತೆ ಮದುವೆಯಾಗಲಿಲ್ಲ. ಅಧ್ಯಕ್ಷರಾದಾಗ ಅರಮನೆಯ ಗೃಹಿಣಿಯ ಹೊಣೆ ಹೊತ್ತವಳು ಹದಿಹರೆಯದ ವಿಕ್ಟೋರಿಯಾ.

ಅನಿರೀಕ್ಷಿತ ಪಟ್ಟ

1946ರ ಚುನಾವಣೆಯಲ್ಲಿ ಲಿಬರಲ್ ಪಕ್ಷದ ಮಾನ್ಯುವೆಲ್ ರೋಹಾಸ್ ಅಧ್ಯಕ್ಷರಾಗಿಯೂ ಕಿರಿನೊ ಉಪಾಧ್ಯಕ್ಷರಾಗಿಯೂ ಗೆದ್ದರು. ಅದೇ ವರ್ಷ ಜುಲೈ 4ರಂದು ದೇಶ ಸ್ವತಂತ್ರವಾಯಿತು. 1948ರ ಏಪ್ರಿಲ್ 15ರಂದು ರೋಹಾಸ್ ಹಠಾತ್ತನೆ ತೀರಿಕೊಂಡರು. ಎರಡು ದಿನಗಳ ಬಳಿಕ ಕಿರಿನೊ ಪ್ರಮಾಣವಚನ ಸ್ವೀಕರಿಸಿದರು.

ಅವರಿಗೆ ಬಳುವಳಿಯಾಗಿ ಬಂದದ್ದು ನೆಲಸಮವಾಗಿದ್ದ ರಾಜಧಾನಿ, ಬರಿದಾಗಿದ್ದ ಬೊಕ್ಕಸ ಮತ್ತು ಮಧ್ಯ ಲೂಝಾನಿನ ಬಂಡಾಯ. ಜಪಾನೀಯರ ವಿರುದ್ಧ ಹೋರಾಡಲು 1942ರಲ್ಲಿ ಹುಟ್ಟಿಕೊಂಡ ಹುಕ್ ಪಡೆಯ ಬೆನ್ನೆಲುಬು ಗೇಣಿದಾರ ರೈತರು. ಬೆಳೆದ ಭತ್ತದಲ್ಲಿ ಅರ್ಧದಷ್ಟನ್ನು ಜಮೀನುದಾರನಿಗೆ ಅಳೆದು, ಉಳಿದದ್ದರಲ್ಲಿ ಸಾಲ ತೀರಿಸುವ ಬದುಕು ಅವರದು. ಯುದ್ಧ ಮುಗಿದ ಮೇಲೆ ಜಮೀನುದಾರರು ಮರಳಿ ಬಂದರು. ರೈತರು ಬಂದೂಕು ಕೆಳಗಿಡಲಿಲ್ಲ. ಹುಕ್ ನಾಯಕ ಲೂಯಿಸ್ ತರೂಕ್ 1946ರಲ್ಲಿ ಸಂಸತ್ತಿಗೆ ಗೆದ್ದರೂ ಸದನದೊಳಗೆ ಅವರಿಗೆ ಜಾಗ ಕೊಡಲಿಲ್ಲ. ರೋಹಾಸ್ ಸರ್ಕಾರ ಸಂಘಟನೆಯನ್ನೇ ನಿಷೇಧಿಸಿತು.

ಕಿರಿನೊ ಹಿಡಿದದ್ದು ಸಂಧಾನದ ದಾರಿ. 1948ರ ಜೂನ್‌ನಲ್ಲಿ ಬಂಡುಕೋರರಿಗೆ ಸಾಮೂಹಿಕ ಕ್ಷಮೆ ಘೋಷಿಸಿದರು. ತರೂಕ್ ಮನಿಲಾಕ್ಕೆ ಬಂದು ಸಂಸತ್ತಿನಲ್ಲಿ ತಮ್ಮ ಆಸನದಲ್ಲಿ ಕುಳಿತರು. ಆದರೆ ಶಸ್ತ್ರಗಳನ್ನು ಒಪ್ಪಿಸುವ ವಿಷಯದಲ್ಲಿ ಇಬ್ಬರಿಗೂ ಪರಸ್ಪರ ನಂಬಿಕೆ ಬರಲಿಲ್ಲ. ಆಗಸ್ಟ್‌ನಲ್ಲಿ ಗಡುವು ಮುಗಿಯುವ ಮುನ್ನವೇ ತರೂಕ್ ಮತ್ತೆ ಕಾಡು ಸೇರಿದರು. 1949ರ ಏಪ್ರಿಲ್ 28ರಂದು ಮಾಜಿ ಅಧ್ಯಕ್ಷ ಕೆಝೋನ್ ಅವರ ಪತ್ನಿ ಅರೋರಾ ಹಾಗೂ ಮಗಳು ಹೊಂಚುದಾಳಿಯಲ್ಲಿ ಹತರಾದರು. ಹುಕ್‌ಗಳೇ ಇದನ್ನು ಮಾಡಿದರೆಂಬ ಆರೋಪ ಬಂತು. ದೇಶ ತಲ್ಲಣಿಸಿತು.

ಆರೋಪಗಳ ಸರಮಾಲೆ

ಅದೇ 1949ರಲ್ಲಿ ಕಿರಿನೊ ವಿರುದ್ಧ ಮಹಾಭಿಯೋಗದ ದೂರು ಸಂಸತ್ತಿಗೆ ಬಂತು. ಫಿಲಿಪ್ಪೀನ್ಸ್ ಅಧ್ಯಕ್ಷರೊಬ್ಬರು ಇಂಥ ದೂರು ಎದುರಿಸಿದ್ದು ಅದೇ ಮೊದಲು. ಸರ್ಕಾರಿ ಹಣದಲ್ಲಿ 5,000 ಪೆಸೊ ಬೆಲೆಯ ಮಂಚವನ್ನೂ ಚಿನ್ನದ ಮೂತ್ರಪಾತ್ರೆಯನ್ನೂ ಕೊಂಡರೆಂಬುದು ಜನರ ಬಾಯಲ್ಲಿ ಹೆಚ್ಚು ಹರಿದಾಡಿದ ಆರೋಪ. ಸಂಸತ್ತಿನ ಸಮಿತಿ ಆಧಾರವಿಲ್ಲವೆಂದು ದೂರನ್ನು ತಳ್ಳಿಹಾಕಿತು. ಆದರೂ ಆ ಪಾತ್ರೆಯ ಕಥೆ ಕಿರಿನೊ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡಿತು.

ಹೆಚ್ಚು ಗಂಭೀರವಾದದ್ದು ಜಮೀನು ಖರೀದಿಯ ಹಗರಣ. ಬುವೆನಾವಿಸ್ತಾ ಮತ್ತು ತಂಬೊಬಾಂಗ್ ಎಂಬ ಎರಡು ಎಸ್ಟೇಟುಗಳನ್ನು ಸರ್ಕಾರ ಒಟ್ಟು 50 ಲಕ್ಷ ಪೆಸೊಗೆ ಕೊಂಡಿತ್ತು. ಅದರಲ್ಲಿ 15 ಲಕ್ಷ ಪೆಸೊ ಹೋದದ್ದು ಆ ಜಮೀನಿನ ಮೇಲೆ ಗಟ್ಟಿ ಹಕ್ಕಿಲ್ಲದ ಅಮೆರಿಕನ್ ವ್ಯಾಪಾರಿಯೊಬ್ಬನಿಗೆ. ಆತನ ಪ್ರತಿನಿಧಿಯಾಗಿದ್ದ ಜಾನ್ ಅರ್ನೋ ಬ್ಯಾಂಕಿನಿಂದ ತೆಗೆದ 4.40 ಲಕ್ಷ ಪೆಸೊವನ್ನು ಯಾರ ಕೈಗಿತ್ತನೆಂದು ಹೇಳಲು ಒಪ್ಪಲಿಲ್ಲ. ಸೆನೆಟ್ ಆತನನ್ನು ಜೈಲಿಗೆ ತಳ್ಳಿತು. 1950ರಲ್ಲಿ ಸುಪ್ರೀಂ ಕೋರ್ಟ್ ಆ ಅಧಿಕಾರವನ್ನು ಎತ್ತಿಹಿಡಿಯಿತು.

1949ರ ನವೆಂಬರ್ ಚುನಾವಣೆಯಲ್ಲಿ ಕಿರಿನೊ, ಯುದ್ಧಕಾಲದ ಅಧ್ಯಕ್ಷ ಹೊಸೆ ಲಾರೆಲ್ ಅವರನ್ನು ಸೋಲಿಸಿದರು. ಕೆಲವು ಪ್ರಾಂತಗಳಲ್ಲಿ ಸತ್ತವರ ಹೆಸರಿನಲ್ಲೂ ಮತ ಬಿದ್ದಿತ್ತೆಂಬ ಆಪಾದನೆ ಎದ್ದಿತು. ಮತಪೆಟ್ಟಿಗೆಯ ಮೇಲಿನ ನಂಬಿಕೆ ಕುಸಿದಂತೆ ಹುಕ್‌ಗಳ ಬಲ ಏರಿತು. 1950ರಲ್ಲಿ ಅವರು ಸೈನಿಕ ಶಿಬಿರಗಳ ಮೇಲೆಯೇ ದಾಳಿ ಮಾಡಿದರು.

ಹೆಸರು ಬೇರೆಯವರಿಗೆ

ಆ ಬಿಕ್ಕಟ್ಟಿನಲ್ಲಿ ಕಿರಿನೊ ಕೈಗೊಂಡ ನಿರ್ಧಾರ ದೇಶವನ್ನು ಉಳಿಸಿತು, ಅವರ ಕುರ್ಚಿಯನ್ನು ಕಳೆಯಿತು. 1950ರ ಸೆಪ್ಟೆಂಬರ್‌ನಲ್ಲಿ ಅವರು ರಾಮೋನ್ ಮ್ಯಾಗ್ಸೆಸೆ ಎಂಬ ಯುವ ಸಂಸದರನ್ನು ರಕ್ಷಣಾ ಸಚಿವರನ್ನಾಗಿಸಿದರು. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಸಂದ ಪ್ರಶಸ್ತಿ ಇವರ ಹೆಸರಿನದೇ. ಮ್ಯಾಗ್ಸೆಸೆ ಸೇನೆಯಲ್ಲಿನ ಲಂಚಕೋರರನ್ನು ಹೊರಗಟ್ಟಿದರು. ಶರಣಾದ ಬಂಡುಕೋರರಿಗೆ ಮಿಂಡನಾವೊದಲ್ಲಿ ಭೂಮಿ ಕೊಡಿಸಿದರು. ಅಕ್ಟೋಬರ್‌ನಲ್ಲಿ ಬಂಡಾಯದ ಹಿಂದಿದ್ದ ಕಮ್ಯುನಿಸ್ಟ್ ನಾಯಕರು ಮನಿಲಾದಲ್ಲಿ ಸೆರೆಸಿಕ್ಕರು. ಅದೇ ತಿಂಗಳು ಕಿರಿನೊ ಬಂಧಿತರು ನ್ಯಾಯಾಲಯದ ಮೊರೆ ಹೋಗುವ ಹಕ್ಕನ್ನು ಅಮಾನತಿನಲ್ಲಿಟ್ಟು ಟೀಕೆಗೂ ಗುರಿಯಾದರು.

ಆಡಳಿತದ ಬೇರೆ ಕೆಲಸಗಳೂ ಕಡಿಮೆಯಲ್ಲ. 1949ರಲ್ಲಿ ಕೇಂದ್ರ ಬ್ಯಾಂಕ್ ಕೆಲಸ ಆರಂಭಿಸಿತು. 1951ರಲ್ಲಿ ಕನಿಷ್ಠ ಕೂಲಿ ಕಾಯಿದೆ, 1952ರಲ್ಲಿ ಗ್ರಾಮೀಣ ಬ್ಯಾಂಕುಗಳ ಕಾಯಿದೆ ಬಂದವು. ಕೊರಿಯಾ ಯುದ್ಧಕ್ಕೆ ಒಟ್ಟು 7,000ಕ್ಕೂ ಹೆಚ್ಚು ಸೈನಿಕರು ಹೋದರು. 1950ರ ಮೇ ತಿಂಗಳಲ್ಲಿ ಕಿರಿನೊ ಬಾಗ್ಯೋದಲ್ಲಿ ಕರೆದ ಏಷ್ಯಾ ರಾಷ್ಟ್ರಗಳ ಸಮಾವೇಶದಲ್ಲಿ ಭಾರತವೂ ಪಾಲ್ಗೊಂಡಿತ್ತು. 1952ರ ಜುಲೈನಲ್ಲಿ ಉಭಯ ದೇಶಗಳ ನಡುವೆ ಸ್ನೇಹ ಒಪ್ಪಂದವೂ ಆಯಿತು. ಆದರೆ ಜನರ ಕಣ್ಣಿಗೆ ಕಂಡದ್ದು ಹಗರಣಗಳು. ಬಂಡಾಯ ಅಡಗಿಸಿದ ಕೀರ್ತಿ ಮ್ಯಾಗ್ಸೆಸೆ ಪಾಲಾಯಿತು.

ಕ್ಷಮೆ ಮತ್ತು ಸೋಲು

1953ರ ಫೆಬ್ರವರಿಯಲ್ಲಿ ಮ್ಯಾಗ್ಸೆಸೆ ರಾಜೀನಾಮೆ ಕೊಟ್ಟು ವಿರೋಧ ಪಕ್ಷದ ಅಭ್ಯರ್ಥಿಯಾದರು. ಅನಾರೋಗ್ಯದಿಂದ ಬಳಲುತ್ತಿದ್ದ ಕಿರಿನೊ ಅಮೆರಿಕದ ಬಾಲ್ಟಿಮೋರ್‌ನ ಆಸ್ಪತ್ರೆ ಸೇರಬೇಕಾಯಿತು. ಆ ದಿನಗಳಲ್ಲೇ, ಜುಲೈ ತಿಂಗಳ ಸ್ವಾತಂತ್ರ್ಯ ದಿನದ ಹೊತ್ತಿಗೆ, ಮುಂಟಿನ್‌ಲೂಪಾ ಜೈಲಿನಲ್ಲಿದ್ದ 100ಕ್ಕೂ ಹೆಚ್ಚು ಜಪಾನೀ ಯುದ್ಧ ಕೈದಿಗಳಿಗೆ ಅವರು ಕ್ಷಮಾದಾನ ಘೋಷಿಸಿದರು. ಗಲ್ಲು ಶಿಕ್ಷೆಗೊಳಗಾದವರದು ಜೀವಾವಧಿಗೆ ಇಳಿಯಿತು. ಎಲ್ಲರೂ ತಾಯ್ನಾಡಿಗೆ ಮರಳಿದರು. ಅವರೂ ವರ್ಷದ ಕೊನೆಗೆ ಬಿಡುಗಡೆ ಕಂಡರು.

1951ರಲ್ಲಿ 14 ಜಪಾನೀಯರನ್ನು ಗಲ್ಲಿಗೇರಿಸಿದ್ದು ಇದೇ ಸರ್ಕಾರ. ನಷ್ಟ ಪರಿಹಾರ, ವ್ಯಾಪಾರಗಳ ಲೆಕ್ಕಾಚಾರ ಕ್ಷಮೆಯ ಹಿಂದಿತ್ತೆಂದು ವಾದಿಸುವವರಿದ್ದಾರೆ. ಕಿರಿನೊ ನೀಡಿದ ಕಾರಣ ಸರಳವಾಗಿತ್ತು: ಮುಂದೆಯೂ ನೆರೆಯಲ್ಲೇ ಇರಬೇಕಾದ ಜನರ ಮೇಲಿನ ದ್ವೇಷವನ್ನು ಮಕ್ಕಳಿಗೆ ಆಸ್ತಿಯಾಗಿ ಬಿಟ್ಟುಹೋಗಲು ಅವರಿಗೆ ಮನಸ್ಸಿರಲಿಲ್ಲ. ಜಪಾನೀಯರ ಮೇಲಿನ ಸಿಟ್ಟು ಆರದಿದ್ದ ದೇಶದಲ್ಲಿ, ಚುನಾವಣೆಗೆ ನಾಲ್ಕು ತಿಂಗಳಿರುವಾಗ ಈ ನಿರ್ಧಾರದಿಂದ ಮತ ಬರುವ ಆಸೆ ಇರಲು ಸಾಧ್ಯವಿರಲಿಲ್ಲ.

ನವೆಂಬರ್ 10ರ ಮತದಾನದಲ್ಲಿ ಮ್ಯಾಗ್ಸೆಸೆಗೆ ಸುಮಾರು ಶೇ. 69ರಷ್ಟು ಮತ ಬಂದರೆ ಕಿರಿನೊಗೆ ಬಂದದ್ದು ಶೇ. 31. ಸೋಲನ್ನು ಒಪ್ಪಿ ಅವರು ಡಿಸೆಂಬರ್ 30ರಂದು ಅಧಿಕಾರ ಬಿಟ್ಟುಕೊಟ್ಟರು. ನೊವಾಲಿಚೆಸ್‌ನ ಮನೆಯಲ್ಲಿ ನಿವೃತ್ತ ಜೀವನ ನಡೆಸಿ, 1956ರ ಫೆಬ್ರವರಿ 29ರಂದು ಹೃದಯಾಘಾತದಿಂದ ನಿಧನರಾದರು.

ಹೊಸದೊಂದು ಉಪಪ್ರಾಂತಕ್ಕೆ 1966ರಲ್ಲಿ ಅವರ ಹೆಸರಿಡಲಾಯಿತು. ನಿಧನದ 60 ವರ್ಷಗಳ ಬಳಿಕ, 2016ರ ಫೆಬ್ರವರಿ 29ರಂದು, ಅವರ ಅವಶೇಷಗಳನ್ನು ರಾಷ್ಟ್ರೀಯ ವೀರರ ರುದ್ರಭೂಮಿಗೆ ಸಾಗಿಸಲಾಯಿತು. ಅದೇ ವರ್ಷ ಟೋಕಿಯೊದ ಹಿಬಿಯಾ ಉದ್ಯಾನದಲ್ಲಿ ಅವರ ಸ್ಮಾರಕ ಫಲಕ ನಿಂತಿತು. ಸ್ವದೇಶದಲ್ಲಿ ಚಿನ್ನದ ಪಾತ್ರೆಯ ಗಾಳಿಮಾತಿಗೆ ಸಿಲುಕಿದ ನಾಯಕನಿಗೆ, ಒಂದು ಕಾಲಕ್ಕೆ ಶತ್ರುವಾಗಿದ್ದ ನಾಡಿನಲ್ಲಿ ಕೃತಜ್ಞತೆಯ ಕಲ್ಲೊಂದು ನಿಂತಿದೆ.