ಚೊಕ್ಕಟತನವೇ ಒಸಿಡಿಯೇ? ಹೊವಾರ್ಡ್ ಹ್ಯೂಸ್ ಬದುಕು ಹೇಳುವುದೇನು

ಮನೆಯನ್ನು ತುಸು ಹೆಚ್ಚು ಚೊಕ್ಕಟವಾಗಿಡುವವರನ್ನು ಕಂಡರೆ ‘ಇವರಿಗೆ ಒಸಿಡಿ’ ಎಂದು ನಗುವುದು ಈಗ ರೂಢಿಯಾಗಿಬಿಟ್ಟಿದೆ. ಆದರೆ ಒಸಿಡಿ, ಅಂದರೆ ಗೀಳು ಕಾಯಿಲೆ, ಚೊಕ್ಕಟತನದ ಇನ್ನೊಂದು ಹೆಸರಲ್ಲ. ಅಮೆರಿಕದ ಹೊವಾರ್ಡ್ ಹ್ಯೂಸ್ ಅವರ ಕತೆ ಕೇಳಿ.

ಹ್ಯೂಸ್ ಹುಟ್ಟಿದ್ದು 1905ರಲ್ಲಿ, ಟೆಕ್ಸಾಸಿನಲ್ಲಿ. ಪೋಲಿಯೊಗೆ ವಿಪರೀತ ಹೆದರುತ್ತಿದ್ದ ತಾಯಿ ಒಬ್ಬನೇ ಮಗನ ಮೈಯನ್ನು ದಿನವೂ ಪರೀಕ್ಷಿಸುತ್ತಿದ್ದರು. ಹದಿನೆಂಟನೆಯ ವಯಸ್ಸಿಗೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಹ್ಯೂಸ್, ತಂದೆಯ ಕಂಪನಿಯ ಹಣದಿಂದ ಸಿನಿಮಾ ಮಾಡಿದರು, ವಿಮಾನ ಕಟ್ಟಿದರು. 1938ರಲ್ಲಿ ಸುಮಾರು 91 ಗಂಟೆಗಳಲ್ಲಿ ಭೂಮಿಯನ್ನು ಸುತ್ತಿ ಬಂದು ದಾಖಲೆ ಬರೆದರು.

ಅಷ್ಟು ಧೈರ್ಯದ ಮನುಷ್ಯ ಕ್ರಿಮಿಗಳಿಗೆ ಹೆದರಿ ಕೋಣೆ ಸೇರಿದರು. ಹಣ್ಣಿನ ಡಬ್ಬಿ ತೆರೆಯುವ ಮುನ್ನ ಅದನ್ನೂ ಕೈಯನ್ನೂ ಹೇಗೆ ತೊಳೆಯಬೇಕೆಂದು ನೌಕರರಿಗೆ ಪುಟಗಟ್ಟಲೆ ಆದೇಶ ಬರೆಸಿದರು. ಯಾವ ವಸ್ತು ಮುಟ್ಟುವುದಿದ್ದರೂ ಟಿಶ್ಯೂ ಕಾಗದದ ಪದರಗಳು ಬೇಕಿತ್ತು. ಆದರೆ ಅವರೇ ಸ್ನಾನ ಮಾಡುತ್ತಿದ್ದುದು ಅಪರೂಪ. ಉಗುರು, ಕೂದಲು ಬೆಳೆದೇ ಇರುತ್ತಿದ್ದವು.

ಗೀಳಿನ ಬಲೆ ಹೀಗಿದೆ. ಕೊಳೆ ತಾಗಿತೇನೋ ಎಂಬ ಆಲೋಚನೆ ಬೇಡವೆಂದರೂ ನುಗ್ಗುತ್ತದೆ. ತೊಳೆದರೆ ಆತಂಕ ಇಳಿಯುತ್ತದೆ. ತೊಳೆದದ್ದರಿಂದಲೇ ಪಾರಾದೆ ಎಂದು ಮಿದುಳು ಕಲಿಯುತ್ತದೆ, ಮುಂದಿನ ಸಲ ಇನ್ನಷ್ಟು ತೊಳೆಯಬೇಕಾಗುತ್ತದೆ. ಮನೆಯವರು ಇದಕ್ಕೆ ಹೊಂದಿಕೊಂಡಷ್ಟೂ ಗೀಳು ಗಟ್ಟಿಯಾಗುತ್ತದೆ. ಹ್ಯೂಸ್ ಬಳಿಯಂತೂ ಸಂಬಳ ಪಡೆದು ಹೊಂದಿಕೊಳ್ಳುವ ದಂಡೇ ಇತ್ತು! ಬೇಡ ಎನ್ನುವವರು ಯಾರೂ ಇರಲಿಲ್ಲ ಎಂಬುದೇ ನಮ್ಮನ್ನು ಹೆಚ್ಚು ಕಾಡುತ್ತದೆ.

ಹಾಗಾದರೆ ತಪ್ಪು ತಾಯಿಯದೇ? ಅಷ್ಟು ಸುಲಭವಾಗಿ ಹೇಳಲಾಗದು. ಅನುವಂಶೀಯತೆ, ಮಿದುಳಿನ ಕೆಲವು ಭಾಗಗಳ ನಡುವಿನ ಸಂಪರ್ಕದ ಏರುಪೇರು, ಬೆಳೆದ ಪರಿಸರ ಎಲ್ಲವೂ ಸೇರಿ ಈ ಕಾಯಿಲೆ ಬರುತ್ತದೆ. ಹ್ಯೂಸ್ ವಿಷಯದಲ್ಲಿ ವಿಮಾನ ಅಪಘಾತಗಳ ಪೆಟ್ಟು, ನೋವಿಗೆಂದು ಶುರುವಾದ ಕೊಡೀನ್ ಚಟವೂ ಇದ್ದವು. ಅವರಿಗೆ ಗೀಳು ಕಾಯಿಲೆ ಇತ್ತೆಂಬ ನಿರ್ಣಯ ಕೂಡ ಸಾವಿನ ನಂತರ ಮನಶ್ಶಾಸ್ತ್ರಜ್ಞ ರೇಮಂಡ್ ಫೌಲರ್ ದಾಖಲೆಗಳನ್ನು ಪರಿಶೀಲಿಸಿ ಕೊಟ್ಟದ್ದು.

1966ರಲ್ಲಿ ಹ್ಯೂಸ್ ಲಾಸ್ ವೇಗಸ್ಸಿನ ಹೋಟೆಲೊಂದರ ಒಂಬತ್ತನೆಯ ಮಹಡಿ ಸೇರಿ, ಕಿಟಕಿ ಮುಚ್ಚಿಸಿ, ನಾಲ್ಕು ವರ್ಷ ಅಲ್ಲೇ ಉಳಿದರು. ಅದೇ ವರ್ಷ ಲಂಡನ್ನಿನಲ್ಲಿ ವಿಕ್ಟರ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞ ಇಬ್ಬರು ರೋಗಿಗಳ ಚಿಕಿತ್ಸೆಯ ವರದಿ ಪ್ರಕಟಿಸಿದರು. ಹೆದರುವ ವಸ್ತುವನ್ನು ಮುಟ್ಟಿಸುವುದು, ಆಮೇಲೆ ತೊಳೆಯಲು ಬಿಡದಿರುವುದು. ಇಬ್ಬರಲ್ಲೂ ಗೀಳು ಇಳಿದಿತ್ತು. ಇಂದು ಚಿಕಿತ್ಸಕರು ಇದನ್ನೇ ರೋಗಿಯ ಒಪ್ಪಿಗೆಯಿಂದ, ಸಣ್ಣ ಭಯದಿಂದ ಶುರುಮಾಡಿ, ಮೆಟ್ಟಿಲು ಮೆಟ್ಟಿಲಾಗಿ ಮಾಡಿಸುತ್ತಾರೆ. ಅಗತ್ಯವಿದ್ದರೆ ಮಾತ್ರೆಯೂ ಇದೆ, ಗುಣ ಕಾಣಲು ಕೆಲವು ವಾರ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಕ್ಲಿನಿಕ್ ಇದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು.

ಹ್ಯೂಸ್ ಈ ಕಾಯಿಲೆಗೆ ಚಿಕಿತ್ಸೆ ಪಡೆಯಲೇ ಇಲ್ಲ. 1976ರ ಏಪ್ರಿಲ್ 5ರಂದು ಮೆಕ್ಸಿಕೊದಿಂದ ಹ್ಯೂಸ್ಟನ್ನಿಗೆ ಒಯ್ಯುವಾಗ ವಿಮಾನದಲ್ಲೇ ತೀರಿಕೊಂಡರು. ಆಗ ತೂಕ ಸುಮಾರು 41 ಕಿಲೊ. ಗುರುತು ಖಚಿತಪಡಿಸಲು ಬೆರಳಚ್ಚು ತೆಗೆಯಬೇಕಾಯಿತು.